ಕಾಣದ ನೋವಿಗೂ ಒಂದು ಪ್ರಮಾಣಪತ್ರ

ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡವನು ಬಸ್ಸು ಹತ್ತಿದರೆ ನಾವು ಎದ್ದು ಜಾಗ ಬಿಟ್ಟುಕೊಡುತ್ತೇವೆ. ಕಣ್ಣು ಕಾಣದವರ ಕೈ ಹಿಡಿದು ರಸ್ತೆ ದಾಟಿಸುತ್ತೇವೆ. ಆದರೆ ಮನಸ್ಸಿಗೆ ಕಾಯಿಲೆ ಬಂದವನು ಪಕ್ಕದಲ್ಲಿ ಕುಳಿತರೆ ಮೆಲ್ಲನೆ ಅತ್ತ ಸರಿಯುತ್ತೇವೆ. ಅವನ ಕಾಯಿಲೆ ಕಣ್ಣಿಗೆ ಕಾಣುವುದಿಲ್ಲ. ಕೈಕಾಲು ಗಟ್ಟಿಯಾಗಿವೆ, ಹೊಟ್ಟೆ ತುಂಬ ಊಟ ಮಾಡುತ್ತಾನೆ. ಹಾಗಿದ್ದ ಮೇಲೆ ದುಡಿಯಲು ಏನು ಧಾಡಿ ಎಂದು ಕೇಳುವವರೇ ಹೆಚ್ಚು. ಇಂಥವರಿಗೂ ಸರ್ಕಾರದ ನೆರವು ಪಡೆಯುವ ಹಕ್ಕಿದೆ ಎಂಬುದು ನಮ್ಮಲ್ಲಿ ಅನೇಕ ಕುಟುಂಬಗಳಿಗೆ ತಿಳಿದಿಲ್ಲ. ತಿಳಿದವರಲ್ಲಿಯೂ ಎಷ್ಟೋ ಮಂದಿ ನಾಚಿಕೆಯಿಂದ ಸುಮ್ಮನಿರುತ್ತಾರೆ. ಅದಕ್ಕಾಗಿಯೇ ನಮ್ಮ ಮನೆಯ ಅನುಭವವನ್ನು ನಾವು ಒಡಹುಟ್ಟಿದವರು ಸೇರಿ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಅಣ್ಣನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ನಮ್ಮ ಅಣ್ಣ ಮನೆಗೆ ಹಿರಿಯ ಮಗ. ಪಿಯುಸಿ ಮುಗಿಸಿ ಮುಂಬಯಿಗೆ ಹೋಗಿ ಕೆಲಸಕ್ಕೆ ಸೇರಿದ್ದ. ತಿಂಗಳು ತಿಂಗಳು ಮನಿಯಾರ್ಡರ್ ಬರುತ್ತಿತ್ತು. 1999ರಲ್ಲಿ, ಅವನ 24ನೆಯ ವಯಸ್ಸಿನಲ್ಲಿ, ಜೊತೆಯಲ್ಲಿದ್ದವರು ಅವನನ್ನು ರೈಲಿನಲ್ಲಿ ಊರಿಗೆ ಕರೆತಂದು ಬಿಟ್ಟರು. ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ, ಊಟದಲ್ಲಿ ಏನೋ ಹಾಕಿದ್ದಾರೆ ಎಂಬ ಸಂಶಯ. ರಾತ್ರಿ ನಿದ್ದೆಯಿಲ್ಲ. ಮಂಗಳೂರಿನ ವೈದ್ಯರು ಅದಕ್ಕೆ ಸ್ಕಿಜೋಫ್ರೇನಿಯಾ ಎಂಬ ಹೆಸರು ಹೇಳಿದರು. ಮಾತ್ರೆಯಿಂದ ಸಂಶಯಗಳು ತಗ್ಗಿದವು. ಆದರೆ ಮೊದಲಿನ ಅಣ್ಣ ಪೂರ್ತಿಯಾಗಿ ಹಿಂದಿರುಗಲಿಲ್ಲ. ಮಾತು ಕಡಿಮೆಯಾಯಿತು, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದಾಯಿತು. ಇಪ್ಪತ್ತು ವರ್ಷ ಅಮ್ಮನೇ ಅವನನ್ನು ಸಾಕಿದರು.

ಮುಚ್ಚಿದ ಗಡಿ, ತೆರೆದ ಬಾಗಿಲು

ಕಾಸರಗೋಡಿನ ಬಡಗು ಭಾಗದ ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ರೇಷನ್ ಕಾರ್ಡು ಕೇರಳದ್ದು, ಚಿಕಿತ್ಸೆ ಕರ್ನಾಟಕದ್ದು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ತಲಪಾಡಿಯ ಗಡಿ ಮುಚ್ಚಿದಾಗ ಅಣ್ಣನ ಮಾತ್ರೆ ಹತ್ತು ದಿನಕ್ಕೆ ಮಾತ್ರ ಉಳಿದಿತ್ತು. ಮಾತ್ರೆ ತಪ್ಪಿದರೆ ಏನಾಗುತ್ತದೆ ಎಂದು ನಮಗೆ ಗೊತ್ತಿತ್ತು. ಆಗ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಹಳೆಯ ಚೀಟಿಯನ್ನು ತೆಗೆದುಕೊಂಡು ಹೋಗಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಮಾತ್ರೆ ತಂದುಕೊಟ್ಟರು. ಅದಕ್ಕೆ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಹೋಗುವಾಗ, "ಅಮ್ಮಾ, ಇವರಿಗೆ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದ್ದೀರಾ?" ಎಂದು ಕೇಳಿದರು.

ಅಮ್ಮ, "ಅವನಿಗೆ ಕೈಕಾಲು ಸರಿ ಉಂಟಲ್ಲ?" ಎಂದರು. ನಾವೂ ಅಲ್ಲಿಯವರೆಗೆ ಅದನ್ನೇ ನಂಬಿದ್ದೆವು. ಆದರೆ 1995ರ ಕಾನೂನೇ ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತ್ತು. ಅದರ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾನೂನು 2017ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದರಲ್ಲಿರುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ದೊರೆತರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ.

ಆ ರಾತ್ರಿ ಅಮ್ಮ ಊಟದ ನಂತರ ಒಂದು ಮಾತು ಹೇಳಿದರು. "ನನಗೆ ಎಪ್ಪತ್ತಾರು ಕಳೆಯಿತು. ನಾನು ಇರುವವರೆಗೆ ಅವನಿಗೆ ಗಂಜಿ ಉಂಟು. ಮತ್ತೆ? ನೀವು ನೋಡುತ್ತೀರಿ, ನನಗೆ ಗೊತ್ತು. ಆದರೆ ಅವನ ಹೆಸರಿನಲ್ಲಿ ಅಂತ ಏನಾದರೂ ಬೇಡವೇ?" ಇಂಥ ಮಗು ಇರುವ ಪ್ರತಿಯೊಂದು ಮನೆಯ ತಾಯಿ ತಂದೆಯರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಅಣ್ಣ ಮಾತ್ರ ಒಪ್ಪಲಿಲ್ಲ. "ನಾನು ಯಾರ ಹತ್ತಿರವೂ ಭಿಕ್ಷೆ ಬೇಡುವುದಿಲ್ಲ" ಎಂದ. ಅವನನ್ನು ಒಪ್ಪಿಸಲು ಒಂದು ವರ್ಷ ಬೇಕಾಯಿತು. ಕೊನೆಗೆ ಒಪ್ಪಿದ್ದೂ ಅಮ್ಮನಿಗಾಗಿ.

ಎರಡು ನಿಮಿಷದ ಪರೀಕ್ಷೆ

2021ರ ಜೂನ್ ತಿಂಗಳಿನಿಂದ ಈ ಪ್ರಮಾಣಪತ್ರಕ್ಕೆ ಯುಡಿಐಡಿ ಎಂಬ ಜಾಲತಾಣದ ಮೂಲಕವೇ ಅರ್ಜಿ ಹಾಕಬೇಕು. ಕೇರಳದಲ್ಲಿ ಅಕ್ಷಯ ಕೇಂದ್ರಗಳಲ್ಲಿ ಇದನ್ನು ಮಾಡಿಸಬಹುದು. ಆಧಾರ್, ಫೋಟೋ, ವಿಳಾಸದ ದಾಖಲೆ, ಚಿಕಿತ್ಸೆಯ ಕಾಗದಗಳು ಬೇಕು. ಅರ್ಜಿಯಲ್ಲಿ ಒಂದು ವಿಷಯವನ್ನು ಜಾಗ್ರತೆಯಿಂದ ನೋಡಬೇಕು. ಮಾನಸಿಕ ಕಾಯಿಲೆ ಬೇರೆ, ಬೌದ್ಧಿಕ ನ್ಯೂನತೆ ಬೇರೆ. ನಾವು ಹಿಂದೆ ಬುದ್ಧಿಮಾಂದ್ಯ ಎಂದು ಕರೆಯುತ್ತಿದ್ದುದು ಎರಡನೆಯದು. ಅದು ಹುಟ್ಟಿನಿಂದ ಅಥವಾ ಎಳವೆಯಿಂದ ಬರುವಂಥದ್ದು. ಅಣ್ಣನಿಗೆ ಇರುವುದು ಮೊದಲನೆಯದು. ಎರಡಕ್ಕೂ ಪರೀಕ್ಷೆ ಬೇರೆ, ಕೆಲವು ಯೋಜನೆಗಳೂ ಬೇರೆ. ಉದಾಹರಣೆಗೆ, ನಿರಾಮಯ ಎಂಬ ಆರೋಗ್ಯ ವಿಮೆ ಬೌದ್ಧಿಕ ನ್ಯೂನತೆ ಇದ್ದವರಿಗೆ ದೊರೆಯುತ್ತದೆ, ಮಾನಸಿಕ ಕಾಯಿಲೆ ಮಾತ್ರ ಇದ್ದವರಿಗೆ ದೊರೆಯುವುದಿಲ್ಲ.

ಮೊದಲ ಸಲ ವೈದ್ಯಕೀಯ ಮಂಡಳಿಯ ಮುಂದೆ ಹೋದ ದಿನ ಸಾಲು ಉದ್ದವಿತ್ತು. ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನಮ್ಮನ್ನು ಹೊರಗೆ ನಿಲ್ಲಲು ಹೇಳಿದರು. ಅಣ್ಣ ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಲೆ ಬಾಚಿಕೊಂಡು ಹೋಗಿದ್ದ. ಒಳಗಿದ್ದ ಡಾಕ್ಟರು ಮಲಯಾಳದಲ್ಲಿ ಕೇಳಿದರಂತೆ. ಕನ್ನಡ ಶಾಲೆಯಲ್ಲಿ ಓದಿದ ಅಣ್ಣನಿಗೆ ಮಲಯಾಳ ಅಷ್ಟಕ್ಕಷ್ಟೆ. ಸ್ನಾನ ತಾನೇ ಮಾಡುತ್ತೀರಾ? ಹೌದು. ಅಂಗಡಿಗೆ ಹೋಗುತ್ತೀರಾ? ಹೌದು. ಕೆಲಸ ಮಾಡುತ್ತೀರಾ? ಹೌದು, ತೋಟದಲ್ಲಿ. ಎರಡು ನಿಮಿಷದಲ್ಲಿ ಹೊರಗೆ ಬಂದ. ಕೆಲವು ವಾರಗಳ ನಂತರ ಬಂದ ಕಾಗದದಲ್ಲಿ ಅವನ ನ್ಯೂನತೆ ಶೇಕಡಾ 40ಕ್ಕಿಂತ ಕಡಿಮೆ ಎಂದಿತ್ತು.

ಅಣ್ಣ ಸುಳ್ಳು ಹೇಳಿದನೇ? ಇಲ್ಲ. ಅಪರಿಚಿತರ ಮುಂದೆ ಯಾವ ಮಾನವಂತನೂ ಹೇಳುವುದನ್ನೇ ಅವನೂ ಹೇಳಿದ. ತನಗೆ ಕಾಯಿಲೆ ಇದೆ ಎಂಬುದೇ ಪೂರ್ತಿಯಾಗಿ ಅರಿವಾಗದಿರುವುದು ಈ ಕಾಯಿಲೆಯ ಒಂದು ಲಕ್ಷಣವೂ ಹೌದು.

ಅಳೆಯುವುದು ಏನನ್ನು?

ಮಾತ್ರೆ ಕೊಡುವ ಕ್ಲಿನಿಕ್ಕಿನ ಸಮಾಜ ಸೇವಕಿಯೊಬ್ಬರು ನಮ್ಮನ್ನು ಕೂರಿಸಿ ವಿವರಿಸಿದರು. ಮಾನಸಿಕ ಕಾಯಿಲೆಯಿಂದಾದ ನ್ಯೂನತೆಯನ್ನು ಅಳೆಯಲು ನಮ್ಮ ದೇಶದಲ್ಲಿ ಐಡಿಯಾಸ್ ಎಂಬ ಅಳತೆಗೋಲು ಇದೆ. ಭಾರತೀಯ ಮನೋವೈದ್ಯರ ಸಂಘದವರು ಸಿದ್ಧಪಡಿಸಿದ ಇದನ್ನು ಸರ್ಕಾರ 2002ರಲ್ಲಿ ಅಂಗೀಕರಿಸಿತು. ಅದು ಕಾಯಿಲೆಯ ಹೆಸರಿಗೆ ಅಂಕ ಕೊಡುವುದಿಲ್ಲ. ಕಾಯಿಲೆಯಿಂದ ದಿನನಿತ್ಯದ ಬದುಕಿನಲ್ಲಿ ಏನು ಕಳೆದುಹೋಗಿದೆ ಎಂದು ಕೇಳುತ್ತದೆ.

ನೋಡುವ ವಿಷಯಗಳು ನಾಲ್ಕು. ಒಂದು, ತನ್ನನ್ನು ತಾನು ನೋಡಿಕೊಳ್ಳುವುದು: ಸ್ನಾನ, ಬಟ್ಟೆ, ಊಟ, ಆರೋಗ್ಯ. ಎರಡು, ಇತರರೊಡನೆ ಬೆರೆಯುವುದು. ಮೂರು, ಮಾತಾಡುವುದು ಮತ್ತು ಅರ್ಥ ಮಾಡಿಕೊಳ್ಳುವುದು. ನಾಲ್ಕು, ಕೆಲಸ: ಅದು ನೌಕರಿ, ಮನೆಗೆಲಸ ಅಥವಾ ಓದು ಆಗಿರಬಹುದು. ಪ್ರತಿಯೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ತೊಂದರೆ ಇಲ್ಲದಿದ್ದರೆ ಸೊನ್ನೆ, ಏನೂ ಸಾಧ್ಯವಾಗದಿದ್ದರೆ 4. ಇದಕ್ಕೆ ಕಾಯಿಲೆಯ ಅವಧಿಯ ಅಂಕವನ್ನು ಕೂಡಿಸುತ್ತಾರೆ: ಎರಡು ವರ್ಷಕ್ಕಿಂತ ಕಡಿಮೆಯಾದರೆ 1, ಹತ್ತು ವರ್ಷ ದಾಟಿದ್ದರೆ 4. ಒಟ್ಟು 20. ಮೊತ್ತ 7ರಿಂದ 13 ಆದರೆ ಶೇಕಡಾ 40ರಿಂದ 70. 14ರಿಂದ 19 ಆದರೆ 71ರಿಂದ 99. ಪೂರ್ತಿ 20 ಆದರೆ ನೂರು. ಆರು ಅಥವಾ ಅದಕ್ಕಿಂತ ಕಡಿಮೆಯಾದರೆ 40ರ ಒಳಗೆ.

ಆಗ ನಮಗೆ ಲೆಕ್ಕ ಅರ್ಥವಾಯಿತು. ಎಲ್ಲದಕ್ಕೂ "ಹೌದು, ಮಾಡುತ್ತೇನೆ" ಎಂದರೆ ನಾಲ್ಕು ವಿಷಯಗಳಲ್ಲಿ ಒಂದೋ ಎರಡೋ ಅಂಕ ಸಿಗಬಹುದು. ಇಪ್ಪತ್ತು ವರ್ಷದ ಕಾಯಿಲೆಯ 4 ಸೇರಿಸಿದರೂ ಮೊತ್ತ ಆರು ದಾಟುವುದಿಲ್ಲ. ಡಾಕ್ಟರು ರೋಗಿಯನ್ನು ಮಾತ್ರವಲ್ಲದೆ ಅವನ ಜೊತೆ ಬಾಳುವವರನ್ನೂ ಕೇಳಬೇಕು, ಚಿಕಿತ್ಸೆಯ ದಾಖಲೆಯನ್ನೂ ನೋಡಬೇಕು ಎಂಬುದು ಈ ಅಳತೆಗೋಲಿನ ಕ್ರಮ. "ಮತ್ತೆ ಅರ್ಜಿ ಹಾಕಿ. ಈ ಸಲ ನೀವೂ ಒಳಗೆ ಹೋಗಬೇಕು ಎಂದು ಕೇಳಿ. ಮಂಗಳೂರಿನ ಕಾಗದಗಳನ್ನೆಲ್ಲ ವರ್ಷದ ಕ್ರಮದಲ್ಲಿ ಜೋಡಿಸಿ. ಒಂದು ತಿಂಗಳು ಮನೆಯಲ್ಲಿ ನಡೆಯುವುದನ್ನು ನಡೆದ ಹಾಗೆಯೇ ಬರೆದಿಡಿ" ಎಂದರು ಆ ಸಮಾಜ ಸೇವಕಿ. ಮಂಡಳಿಯ ನಿರ್ಣಯ ಸರಿಕಾಣದಿದ್ದರೆ ಮೇಲ್ಮನವಿ ಸಲ್ಲಿಸುವ ಅವಕಾಶವನ್ನೂ ಕಾನೂನು ಕೊಟ್ಟಿದೆ ಎಂದು ತಿಳಿಸಿದರು.

ಒಂದು ತಿಂಗಳ ಪುಸ್ತಕ

ಇನ್ನೂರು ಪುಟದ ನೋಟ್ ಪುಸ್ತಕ ತಂದು ಅಡುಗೆಮನೆಯ ಕಪಾಟಿನಲ್ಲಿ ಇಟ್ಟೆವು. ಪ್ರತಿ ರಾತ್ರಿ ನಮ್ಮಲ್ಲಿ ಯಾರಾದರೊಬ್ಬರು ಬರೆಯುತ್ತಿದ್ದೆವು. ಸೋಮವಾರ: ಸ್ನಾನ ಮಾಡು ಎಂದು ನಾಲ್ಕು ಸಲ ಹೇಳಬೇಕಾಯಿತು, ಮಾಡಲಿಲ್ಲ. ಬುಧವಾರ: ಬಿಸಿನೀರು ಕೊಟ್ಟು ಬಚ್ಚಲ ಹತ್ತಿರ ನಿಂತ ಮೇಲೆ ಮಾಡಿದ. ಗುರುವಾರ: ಅಂಗಡಿಗೆ ಕಳುಹಿಸಿದೆವು, ಸಕ್ಕರೆ ತಂದ, ಬಾಕಿ ಹಣ ಕೇಳದೆ ಬಂದ. ಶನಿವಾರ: ಅಡಿಕೆ ಹೆಕ್ಕಲು ಬಂದ, ಅರ್ಧ ಗಂಟೆಯಲ್ಲಿ ಬುಟ್ಟಿ ಅಲ್ಲಿಯೇ ಬಿಟ್ಟು ಹೋದ. ಭಾನುವಾರ: ಮದುವೆಯ ಮನೆಯಲ್ಲಿ ಯಾರೊಡನೆಯೂ ಮಾತಾಡದೆ ಹಲಸಿನ ಮರದ ಬುಡದಲ್ಲಿ ಕುಳಿತಿದ್ದ, ಊಟಕ್ಕೂ ಬರಲಿಲ್ಲ.

ಬರೆಯುವಾಗ ನಮಗೆ ಕಷ್ಟವಾಯಿತು. ಒಡಹುಟ್ಟಿದವನ ಕೊರತೆಗಳನ್ನು ಪಟ್ಟಿ ಮಾಡುವುದು ಯಾರಿಗೆ ಇಷ್ಟ? ಅಮ್ಮನಂತೂ, "ಅಷ್ಟೆಲ್ಲ ಬರೆಯಬೇಡಿ, ಪಾಪ" ಎನ್ನುತ್ತಿದ್ದರು. ಇಷ್ಟು ವರ್ಷ ಬಾಚಿದ ತಲೆ, ಒಗೆದ ಅಂಗಿ, "ಅವನು ಚೆನ್ನಾಗಿದ್ದಾನೆ" ಎಂಬ ಉತ್ತರ, ಇವುಗಳಿಂದ ಅವರು ಮಗನ ಮಾನ ಕಾಪಾಡಿದ್ದರು. ಆ ಪ್ರೀತಿಯೇ ಅವನ ಕಷ್ಟವನ್ನು ಡಾಕ್ಟರರ ಕಣ್ಣಿಗೆ ಬೀಳದಂತೆ ಮಾಡಿತ್ತು!

ಮಂಡಳಿಯ ಮುಂದೆ ಹೋಗುವ ಹಿಂದಿನ ದಿನ ಪುಸ್ತಕವನ್ನು ಅಣ್ಣನಿಗೆ ಓದಿ ಹೇಳಿದೆವು. ಅವನ ಬೆನ್ನ ಹಿಂದೆ ಅವನ ವಿಷಯ ಹೇಳುವುದು ನ್ಯಾಯವಲ್ಲ ಎಂದು ನಮಗೆ ಅನಿಸಿತ್ತು. ಸಿಟ್ಟು ಮಾಡಬಹುದೆಂದು ಹೆದರಿದ್ದೆವು. ಅವನು ಜಗಲಿಯಲ್ಲಿ ಕುಳಿತು ಪೂರ್ತಿ ಕೇಳಿದ. ಕೊನೆಗೆ, "ಸ್ನಾನದ್ದು ಸರಿ. ಅಂಗಡಿಯದ್ದೂ ಸರಿ. ಆದರೆ ಹಟ್ಟಿಯ ದನಕ್ಕೆ ನೀರು ಕೊಡಲು ನಾನು ಒಂದು ದಿನವೂ ಮರೆಯುವುದಿಲ್ಲ. ಅದನ್ನೂ ಬರೆಯಿರಿ" ಎಂದ.

ಬರೆದೆವು. ಅವನ ಮುಂದೆಯೇ ಬರೆದೆವು.

ಅದು 2023ನೆಯ ಇಸವಿ. ಮಂಡಳಿಯಲ್ಲಿದ್ದ ಮನೋವೈದ್ಯರು ನಮ್ಮನ್ನೂ ಒಳಗೆ ಕರೆದರು. ಮಂಜೇಶ್ವರ ಕಡೆಯ ನರ್ಸ್ ಒಬ್ಬರು ಕನ್ನಡದಲ್ಲಿ ಕೇಳಿ ಮಲಯಾಳದಲ್ಲಿ ತಿಳಿಸಿದರು. ವೈದ್ಯರು ಪುಸ್ತಕದ ಪುಟ ತಿರುಗಿಸುತ್ತಾ ದನದ ನೀರಿನ ಸಾಲಿಗೆ ಬಂದಾಗ ತಲೆಯೆತ್ತಿ, "ದನದ ಹೆಸರೇನು?" ಎಂದು ಅಣ್ಣನನ್ನೇ ಕೇಳಿದರು. ಅಣ್ಣ ಹೆಸರು ಹೇಳಿದ. ಅವನು ಮುಗುಳ್ನಕ್ಕದ್ದನ್ನು ನಾವು ಬಹಳ ದಿನಗಳ ನಂತರ ಕಂಡೆವು. ಅರ್ಧ ಗಂಟೆಯ ನಂತರ ಹೊರಗೆ ಬಂದೆವು. ಪ್ರಮಾಣಪತ್ರ ಶೇಕಡಾ 60ಕ್ಕೆ ದೊರೆಯಿತು. ಅವನು ಮಾಡಬಲ್ಲ ಒಂದು ಕೆಲಸವನ್ನು ಹೇಳಿದ್ದರಿಂದ ನಷ್ಟವೇನೂ ಆಗಲಿಲ್ಲ. ಹೆಚ್ಚಿಸಿ ಹೇಳಬೇಕಾಗಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ; ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು ಎಂಬುದು ನಾವು ಅಂದು ಕಲಿತ ಪಾಠ.

ಏನು ದೊರೆಯುತ್ತದೆ?

ಪ್ರಮಾಣಪತ್ರ ಸಿಕ್ಕಿದ ಮಾತ್ರಕ್ಕೆ ಪಿಂಚಣಿ ತಾನಾಗಿ ಬರುವುದಿಲ್ಲ. ಅದಕ್ಕೆ ಪಂಚಾಯತಿಗೆ ಬೇರೆ ಅರ್ಜಿ ಕೊಡಬೇಕು. ಕೇರಳದಲ್ಲಿ ಕುಟುಂಬದ ವರ್ಷದ ಆದಾಯ ಒಂದು ಲಕ್ಷ ರೂಪಾಯಿಯ ಒಳಗಿರಬೇಕು. ವಿಲೇಜ್ ಆಫೀಸಿನ ಆದಾಯ ಪ್ರಮಾಣಪತ್ರ ಬೇಕು. ಅಣ್ಣನಿಗೆ ಮಂಜೂರಾದಾಗ ತಿಂಗಳಿಗೆ 1,600 ರೂಪಾಯಿ ಇತ್ತು. 2025ರ ನವೆಂಬರಿನಿಂದ ಅದನ್ನು 2,000 ರೂಪಾಯಿಗೆ ಏರಿಸಲಾಯಿತು. ನಡುವೆ ಕೆಲವು ತಿಂಗಳು ಹಣ ತಡವಾಗಿ ಬಂದದ್ದೂ ಉಂಟು. ಹಣ ಪಡೆಯುವವರು ಜೀವಂತ ಇದ್ದಾರೆಂದು ಅಕ್ಷಯ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ತೋರಿಸುವ ಮಸ್ಟರಿಂಗನ್ನು ತಪ್ಪಿಸಬಾರದು. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ.

ನಮ್ಮಂತೆ ಗಡಿಯಲ್ಲಿ ಬಾಳುವವರು ನೆನಪಿಡಬೇಕಾದದ್ದು: ಈ ಪ್ರಮಾಣಪತ್ರ ಇಡೀ ದೇಶಕ್ಕೆ ಸಲ್ಲುತ್ತದೆ, ಆದರೆ ಪಿಂಚಣಿ ಕೊಡುವುದು ನಾವು ವಾಸವಾಗಿರುವ ರಾಜ್ಯ. ಮೊತ್ತವೂ ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಚಿಕಿತ್ಸೆ ಮಂಗಳೂರಿನಲ್ಲಾದರೂ ಪಿಂಚಣಿಗೆ ನಮ್ಮ ಪಂಚಾಯತೇ ಗತಿ. ಅರ್ಜಿ ಮಲಯಾಳದಲ್ಲಿದೆ ಎಂದು ಹಿಂಜರಿಯಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಗುರುತಿಸಿದ ಕಡೆ ಸರ್ಕಾರದ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ 1969ರ ಭಾಷಾ ಕಾನೂನೇ ನಮಗೆ ಕೊಟ್ಟಿದೆ.

ಪಿಂಚಣಿಯಲ್ಲದೆ ಬೇರೆ ಪ್ರಯೋಜನಗಳೂ ಇವೆ. ಸರ್ಕಾರಿ ಉದ್ಯೋಗದಲ್ಲಿ ವಿಕಲಚೇತನರಿಗಿರುವ ಶೇಕಡಾ 4 ಮೀಸಲಾತಿಯಲ್ಲಿ ಮಾನಸಿಕ ಕಾಯಿಲೆ ಇರುವವರಿಗೂ ಪಾಲಿದೆ. ಸರ್ಕಾರಿ ಕೆಲಸದಲ್ಲಿರುವಾಗಲೇ ಕಾಯಿಲೆ ಬಂದು ನ್ಯೂನತೆ ಉಂಟಾದರೆ ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ತಂದೆ ಅಥವಾ ತಾಯಿ ಕೇಂದ್ರ ಸರ್ಕಾರದ ನೌಕರರಾಗಿದ್ದರೆ, ಕಾಯಿಲೆಯಿಂದ ದುಡಿಯಲಾಗದ ಮಗ ಅಥವಾ ಮಗಳಿಗೆ ಅವರ ಕಾಲಾನಂತರ ಕುಟುಂಬ ಪಿಂಚಣಿ ಜೀವಮಾನವಿಡೀ ದೊರೆಯುವ ನಿಯಮವಿದೆ. ತಂದೆತಾಯಿ ಇರುವಾಗಲೇ ಕಚೇರಿಯ ದಾಖಲೆಗಳಲ್ಲಿ ಆ ಹೆಸರನ್ನು ಸೇರಿಸಿಡುವುದು ಒಳ್ಳೆಯದು. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು.

"ಮಕ್ಕಳಿಗೆ ಸಂಬಂಧ ಬರುತ್ತದಾ?"

ವಿಷಯ ತಿಳಿದಾಗ ನಮ್ಮ ಹತ್ತಿರದ ಬಂಧುಗಳೇ ಬೇಸರಪಟ್ಟರು. "ಸರ್ಕಾರದ ಪುಸ್ತಕದಲ್ಲಿ ಹುಚ್ಚ ಎಂದು ಬರೆಸಿಬಿಟ್ಟಿರಲ್ಲ! ನಾಳೆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಬರುತ್ತದಾ? ಅವನ ಪಾಲಿನ ಜಾಗದ ಗತಿಯೇನು?" ಎಂದು ಕೇಳಿದರು. ಈ ಭಯ ಅನೇಕ ಮನೆಗಳಲ್ಲಿದೆ, ಆದ್ದರಿಂದ ಉತ್ತರವನ್ನೂ ಹೇಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾನೂನು 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂಬುದರಿಂದ ಮಾತ್ರವೇ ಅವರನ್ನು ಬುದ್ಧಿ ಸ್ಥಿಮಿತವಿಲ್ಲದವರು ಎಂದು ತಿಳಿಯಕೂಡದು, ಹಾಗೆ ಹೇಳಬೇಕಾದರೆ ನ್ಯಾಯಾಲಯವೇ ಹೇಳಬೇಕು ಎಂದು ಅದು ಸ್ಪಷ್ಟವಾಗಿ ತಿಳಿಸುತ್ತದೆ. ರೋಗಿಯ ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿ ಇಡಬೇಕು ಎಂದೂ ಹೇಳುತ್ತದೆ. ಆಸ್ತಿಯ ಹಕ್ಕು ಈ ಪ್ರಮಾಣಪತ್ರದಿಂದ ಹೋಗುವುದಿಲ್ಲ. ಅಣ್ಣನ ಪಾಲು ಅಣ್ಣನದೇ.

ಸಂಬಂಧದ ಮಾತು ಬೇರೆ. ಅದು ನಮ್ಮ ನಮ್ಮ ಮನಸ್ಸಿಗೆ ಬಿಟ್ಟದ್ದು. ಸಕ್ಕರೆ ಕಾಯಿಲೆ ಇರುವ ಮನೆಗೆ ಹೆಣ್ಣು ಕೊಡಲು ನಾವು ಹಿಂಜರಿಯುವುದಿಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರ ಬಾಗಿಲು ಮುಚ್ಚುವುದು ಯಾವ ನ್ಯಾಯ?

ಮೊದಲ ಪಿಂಚಣಿ ಬಂದ ದಿನ ಅಣ್ಣ ನಮ್ಮ ಜೊತೆ ಪೇಟೆಗೆ ಬಂದು ಬಂಗುಡೆ ಮೀನು ಕೊಂಡ. ಆ ದಿನ ಬಾಕಿ ಹಣವನ್ನು ತಾನೇ ಎಣಿಸಿ ಜೇಬಿಗೆ ಹಾಕಿಕೊಂಡ. ಮನೆಗೆ ಬಂದು ಅಮ್ಮನ ಕೈಗೆ ಚೀಲ ಕೊಟ್ಟು, "ಇದು ನನ್ನದು" ಎಂದ. ಮುಂಬಯಿಯ ಮನಿಯಾರ್ಡರ್ ನಿಂತ ಮೇಲೆ ಮನೆಗೆ ಅವನು ಕೊಟ್ಟ ಮೊದಲ ಕಾಣಿಕೆ ಅದು. ಅಮ್ಮ ಕಳೆದ ವರ್ಷ ತೀರಿಕೊಂಡರು. ಮಗನ ಹೆಸರಿನಲ್ಲಿ ಒಂದು ಪಾಸ್‌ಬುಕ್ ಇರುವುದನ್ನು ಕಂಡೇ ಕಣ್ಣು ಮುಚ್ಚಿದರು ಎಂಬುದು ನಮಗೆ ದೊಡ್ಡ ಸಮಾಧಾನ.

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಪೂಜೆಗೆ ಬಾರದೆ ಮನೆಯೊಳಗೇ ಉಳಿದವರು ಎಷ್ಟು ಮಂದಿ ಇದ್ದಾರೆ? ನಿಮ್ಮ ನೆರೆಯಲ್ಲಿ ಅಂಥ ಮನೆ ಇದ್ದರೆ, ಬುದ್ಧಿ ಹೇಳಲು ಹೋಗಬೇಡಿ. ಅರ್ಜಿ ತುಂಬಲು ಜೊತೆಗೆ ಹೋಗಿ. ಮಂಡಳಿಯ ದಿನ ರಿಕ್ಷಾ ಮಾಡಿಕೊಡಿ, ಮಲಯಾಳ ಬಲ್ಲವರಾದರೆ ಪಕ್ಕದಲ್ಲಿ ನಿಲ್ಲಿ. ಯಾರನ್ನು ಕೇಳುವುದೆಂದು ತಿಳಿಯದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನು ಮಾಡಲಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಆ ಮನೆಯ ತಾಯಿಗೆ ಒಂದು ನೋಟ್ ಪುಸ್ತಕ ಕೊಂಡುಕೊಟ್ಟು, ದಿನವೂ ನಾಲ್ಕು ಸಾಲು ಬರೆದಿಡಲು ಹೇಳಿ. ಮಗನಿಗೆ ಆಗದ್ದನ್ನೂ ಬರೆಯಲಿ, ಆಗುವುದನ್ನೂ ಬರೆಯಲಿ.